ಓದಿಸಿ ಕೇಳಿ ಒಪ್ಪಿದ ಸಹಿ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ವ್ಯಾಜ್ಯಗಳಲ್ಲಿ ಹೊಲ ಮನೆ ಕಳೆದುಕೊಂಡವರ ಅನುಭವದಿಂದ ಹುಟ್ಟಿದ ಮಾತಾದುದರಿಂದ ಅದನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಆದರೆ ಅದು ಅರ್ಧ ಸತ್ಯವೆಂದು ನನ್ನ ನಮ್ರ ಅಭಿಪ್ರಾಯ. ಸಾಮಾನ್ಯ ಜನರು ಸೋಲುವುದು ನ್ಯಾಯಸ್ಥಾನದಲ್ಲಿ ಅಲ್ಲ. ಅದಕ್ಕೂ ಎಷ್ಟೋ ವರ್ಷಗಳ ಮೊದಲು, ಯಾರದೋ ಜಗುಲಿಯ ಮೇಲೆ, ಓದದ ಕಾಗದವೊಂದಕ್ಕೆ ಸಹಿ ಹಾಕಿದ ಗಳಿಗೆಯಲ್ಲಿ. ನ್ಯಾಯಾಧೀಶರು ಆ ಸೋಲನ್ನು ಓದಿ ಹೇಳುತ್ತಾರೆ, ಅಷ್ಟೆ.

ಕಾನೂನು ನಮಗೆ ಗೊತ್ತಿಲ್ಲವೆಂದರೆ ಕಾನೂನು ನಮ್ಮನ್ನು ಬಿಡುವುದಿಲ್ಲ. ಕಾನೂನಿನ ಅಜ್ಞಾನವು ಕ್ಷಮೆಗೆ ಕಾರಣವಲ್ಲವೆಂಬುದು ನ್ಯಾಯಶಾಸ್ತ್ರದ ಮೊದಲ ಪಾಠ. ಹಾಗಿದ್ದ ಮೇಲೆ, ಅದನ್ನು ತಿಳಿಯುವುದು ವಕೀಲರ ಕೆಲಸ, ನಮಗೇಕೆ ಎಂದು ಕುಳಿತುಕೊಳ್ಳುವುದು, ಈಜು ಬೆಸ್ತನ ಕೆಲಸವೆಂದು ಹೊಳೆಯಲ್ಲಿ ಮುಳುಗುವಂತೆಯೇ ಸರಿ. ಎಲ್ಲರೂ ವಕೀಲರಾಗಬೇಕಿಲ್ಲ, ದಡ ಸೇರುವಷ್ಟು ಈಜು ಬಂದರೆ ಸಾಕು.

ನಮ್ಮ ದಸ್ತಾವೇಜುಗಳ ಕೊನೆಯಲ್ಲಿ ಬರುವ ಒಂದು ವಾಕ್ಯವನ್ನು ವಾಚಕರು ಗಮನಿಸಿರಬಹುದು: “ಈ ಪತ್ರವನ್ನು ಓದಿಸಿ ಕೇಳಿ, ಸರಿಯಾಗಿರುವುದೆಂದು ಒಪ್ಪಿ ಸಹಿ ಮಾಡಿರುತ್ತೇನೆ.” ಈ ವಾಕ್ಯದಷ್ಟು ಸಲ ಬರೆಯಲ್ಪಟ್ಟು, ಈ ವಾಕ್ಯದಷ್ಟು ಸುಳ್ಳಾದ ವಾಕ್ಯ ಕನ್ನಡದಲ್ಲಿ ಇನ್ನೊಂದು ಇರಲಾರದು. ಓದಿಸಿದವರು ಯಾರು? ಕೇಳಿದವರು ಯಾರು? “ಇಲ್ಲೊಂದು, ಇಲ್ಲೊಂದು, ಇಲ್ಲೊಂದು” ಎಂದು ಬೆರಳು ತೋರಿಸಿದ ಕಡೆಯೆಲ್ಲ ಸಹಿ ಬೀಳುತ್ತದೆ. ಆದರೆ ನಾಳೆ ವ್ಯಾಜ್ಯವೆದ್ದರೆ ಆ ವಾಕ್ಯವೇ ಎದ್ದು ನಿಂತು ಸಾಕ್ಷಿ ಹೇಳುತ್ತದೆ. ಓದಿ ಹೇಳಲಿಲ್ಲವೆಂದು ರುಜುವಾತುಪಡಿಸುವ ಭಾರ ಸಹಿ ಹಾಕಿದವರ ಹೆಗಲಿಗೇ ಬೀಳುತ್ತದೆ.

ಆದುದರಿಂದ ಮೊದಲ ನಿಯಮವಿದು. ಓದದೆ, ಓದಿಸದೆ ಯಾವುದಕ್ಕೂ ಸಹಿ ಹಾಕಬಾರದು. ಖಾಲಿ ಕಾಗದಕ್ಕಂತೂ ದೇವರು ಬಂದು ಕೇಳಿದರೂ ಹಾಕಬಾರದು. ಸಹಿಯ ಪಕ್ಕದಲ್ಲಿ ತಾರೀಖನ್ನು ತಮ್ಮ ಕೈಯಿಂದಲೇ ಬರೆಯಬೇಕು. ಒಂದು ಪ್ರತಿಯನ್ನು ಕೇಳಿ ಪಡೆದು ಮನೆಯಲ್ಲಿಡಬೇಕು. “ನಾಳೆ ಬರುತ್ತೇನೆ, ಮನೆಯವರಿಗೆ ತೋರಿಸಿ ತರುತ್ತೇನೆ” ಎಂದರೆ ಕೋಪಿಸಿಕೊಳ್ಳುವವರ ಕಾಗದದಲ್ಲಿ ಏನೋ ಇದೆಯೆಂದೇ ತಿಳಿಯತಕ್ಕದ್ದು. ಒಳ್ಳೆಯ ವ್ಯವಹಾರ ಒಂದು ದಿನ ಕಾಯಲಾರದಷ್ಟು ಅವಸರದ್ದಾಗಿರುವುದಿಲ್ಲ.

ಜಮೀನಿನ ವಿಷಯಕ್ಕೆ ಬರೋಣ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರ ಸ್ವತ್ತಿನ ಕ್ರಯವು ನೋಂದಣಿಯಾದ ಪತ್ರದಿಂದಲೇ ಆಗಬೇಕೆಂದು ೧೮೮೨ರ ಸ್ವತ್ತು ವರ್ಗಾವಣೆ ಶಾಸನವೂ ೧೯೦೮ರ ನೋಂದಣಿ ಶಾಸನವೂ ವಿಧಿಸಿವೆ. ಇಂದಿನ ದಿನದಲ್ಲಿ ನೂರು ರೂಪಾಯಿಗೆ ಮಣ್ಣಿನ ಬುಟ್ಟಿಯೂ ಬಾರದು. ಎಂದರೆ ಎಲ್ಲ ಕ್ರಯಕ್ಕೂ ನೋಂದಣಿ ಬೇಕೆಂದೇ ಅರ್ಥ. ಹೀಗಿದ್ದರೂ ಛಾಪಾ ಕಾಗದದ ಮೇಲೆ ಕರಾರು ಬರೆಸಿಕೊಂಡು, ಒಂದು ಮುಖ್ತಿಯಾರುನಾಮೆ ಪಡೆದು, ನಿವೇಶನ ಕೊಂಡೆವೆಂದು ನಂಬಿ ಮನೆ ಕಟ್ಟಿದವರು ನಮ್ಮ ಊರುಗಳಲ್ಲಿ ಕಡಮೆಯಿಲ್ಲ. ಅಂಥ ಕಾಗದಗಳಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು ೨೦೧೧ರಲ್ಲಿ ಸ್ಪಷ್ಟವಾಗಿ ತೀರ್ಪಿತ್ತಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ ಆ ಕ್ರಯವೇ ಶೂನ್ಯವೆಂದು ಕರ್ನಾಟಕದ ೧೯೭೮ರ ಶಾಸನ ಹೇಳುತ್ತದೆ. ಕೊಳ್ಳುವ ಮೊದಲು ಋಣಭಾರ ಪತ್ರವನ್ನು ತೆಗೆಸಿ ನೋಡುವುದು, ಚೆಕ್ಕುಬಂದಿಯನ್ನು ಸ್ಥಳದಲ್ಲಿ ನಿಂತು ತಾಳೆ ನೋಡುವುದು, ಭೂಮಿ ಮೊದಲು ಹೇಗೆ ಬಂದಿತೆಂದು ವಿಚಾರಿಸುವುದು, ಇಷ್ಟು ಮಾಡಿದರೆ ಎಷ್ಟೋ ಕಣ್ಣೀರು ಉಳಿಯುತ್ತದೆ.

ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಸಿದ್ಧಿಸಿತೆಂಬುದೂ ತಪ್ಪು ತಿಳಿವಳಿಕೆ. ಪಹಣಿ ಕಂದಾಯದ ದಾಖಲೆ. ತದ್ವಿರುದ್ಧವಾದುದು ರುಜುವಾತಾಗುವವರೆಗೆ ಅದನ್ನು ನಿಜವೆಂದು ಭಾವಿಸಲಾಗುತ್ತದೆ, ಅಷ್ಟೆ. ಹಾಗೆಂದು ಅದನ್ನು ಕಡೆಗಣಿಸಲೂ ಬಾರದು. ಅಜ್ಜ ತೀರಿಕೊಂಡು ಮೂವತ್ತು ವರ್ಷವಾದರೂ ಪಹಣಿ ಅಜ್ಜನ ಹೆಸರಿನಲ್ಲಿಯೇ ಇರುವ ಮನೆಗಳೆಷ್ಟಿಲ್ಲ! ವಾರಸಿನಿಂದ ಹಕ್ಕು ಬಂದವರು ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು ೧೯೬೪ರ ಕರ್ನಾಟಕ ಭೂಕಂದಾಯ ಶಾಸನದಲ್ಲಿದೆ. ತಡವಾದಷ್ಟೂ ವಾರಸುದಾರರು ಹೆಚ್ಚುತ್ತಾರೆ, ಸಹಿಗಳು ಹೆಚ್ಚುತ್ತವೆ, ಮನಸ್ತಾಪವೂ ಹೆಚ್ಚುತ್ತದೆ. ಹಿರಿಯರು ತೀರಿಕೊಂಡ ಮೇಲೆ ಮರಣ ಪತ್ರವನ್ನು ಪಡೆದು ಪೌತಿ ಖಾತೆ ಮಾಡಿಸುವುದು, ತಿಥಿ ಮಾಡುವಷ್ಟೇ ಅಗತ್ಯವಾದ ಕರ್ತವ್ಯ.

ಈಗ ಹೇಳುವ ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ನಮ್ಮ ಹೆಣ್ಣುಮಕ್ಕಳಿಂದ ಪಡೆಯುವ ಹಕ್ಕುಬಿಡುಗಡೆ ಪತ್ರದ ಮಾತಿದು. ಹಬ್ಬಕ್ಕೆ ಕರೆದು, ಸೀರೆ ಕುಪ್ಪಸ ಕೊಟ್ಟು, ಮರುದಿನ ಉಪನೋಂದಣಿ ಕಚೇರಿಗೆ ಕರೆದೊಯ್ಯುವುದು ಹಲವೆಡೆ ವಾಡಿಕೆಯೇ ಆಗಿದೆ. “ಖಾತೆ ಮಾಡಿಸಲಿಕ್ಕೆ ಒಂದು ಸಹಿ ಬೇಕಂತೆ” ಎನ್ನುತ್ತಾರೆ. ಆ ಪತ್ರದಲ್ಲಿರುವುದೇನು? “ಇನ್ನು ಮುಂದೆ ಸದರಿ ಸ್ವತ್ತಿನ ಮೇಲೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕು ಬಾಧ್ಯತೆಯೂ ಇರುವುದಿಲ್ಲ.” ಸಹಿ ಒಬ್ಬಳದು, ಹಕ್ಕು ಹೋಗುವುದು ಅವಳ ಮಕ್ಕಳದೂ ಹೌದು. ಹಿಂದೂ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡಲು ನಮ್ಮ ಕರ್ನಾಟಕವು ೧೯೯೪ರಲ್ಲಿಯೇ, ಮದುವೆಯಾಗದಿದ್ದವರ ಮಟ್ಟಿಗಾದರೂ, ಮುಂದಾಯಿತು. ೨೦೦೫ರ ತಿದ್ದುಪಡಿ ಮಗಳನ್ನು ಮಗನಿಗೆ ಸಮಾನಳನ್ನಾಗಿ ಮಾಡಿತು. ತಂದೆ ಆ ದಿನ ಬದುಕಿರಬೇಕೆಂಬ ನಿಯಮವೇನೂ ಇಲ್ಲವೆಂದು ಸುಪ್ರೀಂ ಕೋರ್ಟು ೨೦೨೦ರಲ್ಲಿ ಹೇಳಿತು. ತಂದೆಯ ಸ್ವಯಾರ್ಜಿತ ಸ್ವತ್ತಿನಲ್ಲಂತೂ, ಉಯಿಲು ಇಲ್ಲದಿದ್ದರೆ, ಮಗಳು ೧೯೫೬ರಿಂದಲೇ ಮೊದಲ ವರ್ಗದ ವಾರಸುದಾರಳು.

ತವರಿನೊಡನೆ ಎಲ್ಲ ಹೆಣ್ಣುಮಕ್ಕಳೂ ಜಗಳವಾಡಬೇಕೆಂದು ನಾನು ಹೇಳುತ್ತಿಲ್ಲ. ನಾನೂ ಒಬ್ಬ ಮಗಳು; ನನಗೂ ಇಬ್ಬರು ತಮ್ಮಂದಿರಿದ್ದಾರೆ; ನಮಗಿರುವುದು ಎರಡೂವರೆ ಎಕರೆ. ನಾಳೆ ನನ್ನ ಮುಂದೆಯೂ ಅಂಥದೊಂದು ಕಾಗದ ಬರಬಹುದು. ತಮ್ಮಂದಿರ ಕಷ್ಟವನ್ನು ನೋಡಿ ನನ್ನ ಪಾಲನ್ನು ನಾನೇ ಬಿಟ್ಟರೂ ಬಿಡಬಹುದು. ಆದರೆ ತಿಳಿದು ಕೊಡುವುದು ದಾನ. ತಿಳಿಸದೆ ಪಡೆಯುವುದು ಮೋಸ. ದಾನ ಕೊಟ್ಟವಳು ತವರಿಗೆ ತಲೆಯೆತ್ತಿ ಬರುತ್ತಾಳೆ. ಮೋಸಹೋದವಳು ಬರುವುದನ್ನೇ ನಿಲ್ಲಿಸುತ್ತಾಳೆ. ನೋಂದಣಿಯಾದ ಪತ್ರವನ್ನು ರದ್ದುಪಡಿಸಬೇಕಾದರೆ ಸಿವಿಲ್ ದಾವೆಯನ್ನೇ ಹೂಡಬೇಕು. ಅದಕ್ಕೂ ನಿಜಸಂಗತಿ ತಿಳಿದಂದಿನಿಂದ ಮೂರೇ ವರ್ಷಗಳ ಗಡುವು. ಅಕ್ಕತಂಗಿಯರು ಸಹಿ ಹಾಕುವ ಮುನ್ನ “ಓದಿ ಹೇಳು” ಎಂಬ ಎರಡು ಮಾತನ್ನು ಆಡಲಿ. ಪ್ರೀತಿಯಿದ್ದ ಕಡೆ ಈ ಮಾತಿನಿಂದ ಪ್ರೀತಿ ಕೆಡುವುದಿಲ್ಲ.

ಸಾಲದ ವಿಷಯವೂ ಹೀಗೆಯೇ. ಭದ್ರತೆಗೆಂದು ಬರೆಯದ ಚೆಕ್ಕಿಗೆ ಸಹಿ ಮಾಡಿ ಕೊಡುವುದು ಈಗ ಸಾಮಾನ್ಯವಾಗಿದೆ. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದರೂ ಹೊಣೆ ತಪ್ಪದೆಂದು ಸುಪ್ರೀಂ ಕೋರ್ಟು ೨೦೧೯ರಲ್ಲಿ ಹೇಳಿದೆ. ಸಾಲ ತೀರಿಸುವಾಗ ಪ್ರತಿ ಕಂತನ್ನೂ ನೋಟಿನ ಬೆನ್ನಿನ ಮೇಲೆ ಬರೆಸಬೇಕು, ಇಲ್ಲವೆ ರಸೀತಿ ಪಡೆಯಬೇಕು. ಪೂರಾ ತೀರಿದ ದಿನ ನೋಟನ್ನೂ ಚೆಕ್ಕನ್ನೂ ಹಿಂದಕ್ಕೆ ಪಡೆಯದೆ ಮನೆಗೆ ಬರಬಾರದು. ಸಾಲ ಕೊಟ್ಟವರೂ ತಿಳಿಯತಕ್ಕದ್ದಿದೆ: ಕೇಳಿದಾಗ ಕೊಡತಕ್ಕ ಪ್ರಾಮಿಸರಿ ನೋಟಿಗೆ ಬರೆದ ದಿನದಿಂದ ಮೂರು ವರ್ಷಗಳ ವಾಯಿದೆ, ಆ ಬಳಿಕ ದಾವೆ ನಿಲ್ಲದು. ವಸೂಲಿಯ ಹೆಸರಿನಲ್ಲಿ ಮನೆಯ ಮುಂದೆ ನಿಂತು ಬೈಯುವ, ಹೆದರಿಸುವ ಹಕ್ಕು ಯಾರಿಗೂ ಇಲ್ಲ. ಕಿರುಸಾಲಗಳಲ್ಲಿ ಇಂಥ ಬಲಾತ್ಕಾರವನ್ನು ತಡೆಯಲು ೨೦೨೫ರಲ್ಲಿ ಕರ್ನಾಟಕವು ಪ್ರತ್ಯೇಕ ಶಾಸನವನ್ನೇ ತಂದಿದೆ.

ನ್ಯಾಯಸ್ಥಾನದಿಂದ ನೋಟೀಸು ಬಂದರೆ ನಮ್ಮವರು ಮಾಡುವ ಮೊದಲ ಕೆಲಸ, “ತೆಗೆದುಕೊಳ್ಳುವುದಿಲ್ಲ” ಎಂದು ಹಿಂದಿರುಗಿಸುವುದು. ಕಾಗದ ಮುಟ್ಟದಿದ್ದರೆ ಕೇಸೂ ಮುಟ್ಟದೆಂಬ ಭಾವನೆ! ನಿರಾಕರಿಸಿದ ನೋಟೀಸು ತಲಪಿದಂತೆಯೇ ಲೆಕ್ಕ. ಬಾರದವರನ್ನು ಬಿಟ್ಟು ನ್ಯಾಯಾಲಯವು ಏಕಪಕ್ಷೀಯವಾಗಿ ತೀರ್ಪು ಕೊಡುತ್ತದೆ. ಸಿವಿಲ್ ದಾವೆಗೆ ಉತ್ತರ ಕೊಡಲು ಸಾಮಾನ್ಯವಾಗಿ ಮೂವತ್ತು ದಿನಗಳ ಅವಧಿಯಿದೆ. ಅಷ್ಟರೊಳಗೆ ವಕೀಲರನ್ನು ಕಾಣುವುದೇ ಜಾಣತನ.

ಪೊಲೀಸು ಠಾಣೆಯ ಹೊಸ್ತಿಲು ನಮ್ಮ ಜನರಿಗೆ ಎಲ್ಲಕ್ಕಿಂತ ಎತ್ತರ. ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಪೊಲೀಸರು ವಾರಂಟಿಲ್ಲದೆ ದಸ್ತಗಿರಿ ಮಾಡಬಹುದಾದಂಥ ಅಪರಾಧದ ದೂರನ್ನು, ಅದು ಯಾವ ಸರಹದ್ದಿನಲ್ಲಿ ನಡೆದಿದ್ದರೂ, ಯಾವ ಠಾಣೆಯಲ್ಲಿಯೂ ಕೊಡಬಹುದು. ದೂರು ಬಾಯಿಮಾತಿನದಾದರೆ ಅವರೇ ಬರೆದುಕೊಂಡು ಓದಿ ಹೇಳಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಬರೆದು ಕಳುಹಿಸಬೇಕು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿದ್ದಾರೆ. ದಸ್ತಗಿರಿಯಾದವನನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ, ಪ್ರಯಾಣದ ವೇಳೆಯನ್ನು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬುದು ಸಂವಿಧಾನದ ೨೨ನೆಯ ವಿಧಿಯ ಮಾತು. ಸಾಕ್ಷ್ಯ ಹೇಳಲೆಂದು ಸ್ತ್ರೀಯರನ್ನೂ, ಹದಿನೈದು ವರ್ಷದೊಳಗಿನ ಹುಡುಗರನ್ನೂ, ಅರವತ್ತು ಮೀರಿದ ಪುರುಷರನ್ನೂ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಅವರ ವಾಸಸ್ಥಳದಲ್ಲಿಯೇ ವಿಚಾರಿಸಬೇಕು.

“ಇದೆಲ್ಲ ಸರಿ, ವಕೀಲರಿಗೆ ಕೊಡಲು ದುಡ್ಡೆಲ್ಲಿ?” ಎಂದು ಕೇಳುವಿರಿ. ಇದಕ್ಕೂ ಉತ್ತರವಿದೆ, ಆ ಉತ್ತರ ಜನರಿಗೆ ಮುಟ್ಟದಿರುವುದೇ ವಿಷಾದದ ಸಂಗತಿ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಶಾಸನ ೧೯೯೫ರಿಂದ ಜಾರಿಯಲ್ಲಿದೆ. ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು, ಬಂಧನದಲ್ಲಿರುವವರು, ಇವರೆಲ್ಲರಿಗೂ ವರಮಾನವನ್ನು ನೋಡದೆಯೇ ಸರ್ಕಾರದ ವೆಚ್ಚದಲ್ಲಿ ವಕೀಲರನ್ನು ಕೊಡತಕ್ಕದ್ದು. ಉಳಿದ ಬಡವರಿಗೆ ವರಮಾನದ ಮಿತಿಯೊಂದಿದೆ. ತಾಲ್ಲೂಕು ನ್ಯಾಯಾಲಯದಲ್ಲಿಯೇ ಇದರ ಸಮಿತಿ ಇರುತ್ತದೆ. ೧೫೧೦೦ ಎಂಬ ಸಂಖ್ಯೆಗೆ ಫೋನು ಮಾಡಿಯೂ ಕೇಳಬಹುದು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಫೀಜು ಹಿಂದಿರುಗುತ್ತದೆ. ಆದರೆ ಅಲ್ಲಿಯ ತೀರ್ಮಾನದ ಮೇಲೆ ಅಪೀಲಿಲ್ಲ. ಆದುದರಿಂದ ಅಲ್ಲಿಯೂ, ಮತ್ತೆ ಅದೇ ಮಾತು, ಓದಿಸಿ ಕೇಳಿಯೇ ಒಪ್ಪಬೇಕು.

ಕೆಲವು ಹಿರಿಯರು ಆಕ್ಷೇಪಿಸುವುದುಂಟು. ಎಲ್ಲದಕ್ಕೂ ಕಾಗದ ಕೇಳತೊಡಗಿದರೆ ಊರಿನ ನಂಬಿಕೆ ಹಾಳಾಗುವುದಿಲ್ಲವೇ, ಜನ ವ್ಯಾಜ್ಯಗಾರರಾಗುವುದಿಲ್ಲವೇ ಎಂದು. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಬಾಯಿಮಾತಿನ ಮೇಲೆ ಬದುಕಿದ ಹಿರಿಯರ ಪ್ರಾಮಾಣಿಕತೆ ದೊಡ್ಡದು. ಆದರೆ ನಂಬಿಕೆಯೆಂಬುದು ಇಬ್ಬರಿಗೂ ಸಮನಾಗಿ ಗೊತ್ತಿದ್ದಾಗ ಇರತಕ್ಕದ್ದು. ಒಬ್ಬನಿಗೆ ಓದಲು ಬಂದು ಇನ್ನೊಬ್ಬನಿಗೆ ಬಾರದಿದ್ದರೆ, ಅಲ್ಲಿರುವುದು ನಂಬಿಕೆಯಲ್ಲ, ಅವಲಂಬನೆ. ಇನ್ನು ವ್ಯಾಜ್ಯದ ಮಾತು. ಸ್ಪಷ್ಟವಾದ ಕಾಗದವಿದ್ದ ಕಡೆ ಜಗಳ ಹುಟ್ಟುವುದೇ ಕಡಮೆ. ಕೋರ್ಟಿಗೆ ಹೋಗುವ ದಾರಿಯನ್ನು ತಿಳಿದವರಿಗಿಂತ, ಹೋಗದೆ ಉಳಿಯುವ ದಾರಿಯನ್ನು ತಿಳಿಯದವರೇ ಅಲ್ಲಿ ಹೆಚ್ಚಾಗಿ ಕಾಣಿಸುತ್ತಾರೆ.

ನನ್ನ ನಿಜವಾದ ದೂರು ಇರುವುದು ಭಾಷೆಯ ಮೇಲೆ. ಕನ್ನಡವು ರಾಜ್ಯದ ಆಡಳಿತ ಭಾಷೆಯೆಂದು ೧೯೬೩ರಲ್ಲಿಯೇ ಶಾಸನವಾಯಿತು. ಆದರೂ ಬ್ಯಾಂಕಿನ ಸಾಲದ ಪತ್ರ, ವಿಮೆಯ ಕರಾರು, ಸಣ್ಣ ಅಕ್ಷರದ ಷರತ್ತುಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇವೆ. ಕನ್ನಡದಲ್ಲಿರುವ ದಸ್ತಾವೇಜೂ “ಸದರಿ”, “ಮಜಕೂರು”, “ಬಾಬತ್ತು” ಎಂದು ಆರಂಭವಾಗಿ ಒಂದು ಪುಟದವರೆಗೆ ಪೂರ್ಣವಿರಾಮವಿಲ್ಲದೆ ಸಾಗುತ್ತದೆ. ಸಹಿ ಹಾಕುವವರಿಗೆ ಅರ್ಥವಾಗದ ಪತ್ರವನ್ನು “ಓದಿಸಿ ಕೇಳಿ”ದರೂ ಪ್ರಯೋಜನವೇನು? ಇಂಥ ಪ್ರತಿಯೊಂದು ಪತ್ರದ ಮೇಲೆಯೂ, ಕೊಡುವುದೇನು, ಬಿಡುವುದೇನು, ತಪ್ಪಿದರೆ ಆಗುವುದೇನು ಎಂಬುದನ್ನು ಆಡುಮಾತಿನ ನಾಲ್ಕು ಸಾಲುಗಳಲ್ಲಿ ಬರೆಯಬೇಕೆಂದು ಸರ್ಕಾರ ಕಡ್ಡಾಯಮಾಡಲಿ. ಇದಕ್ಕೆ ಹೆಚ್ಚಿನ ಹಣ ಬೇಡ, ಮನಸ್ಸು ಬೇಕು.

ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ನಮ್ಮ ಕಾಲೇಜಿನಲ್ಲಿ ಓದುವ ಎಷ್ಟೋ ಮಂದಿ ತಮ್ಮ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಲು ಹತ್ತಿದವರು, ನಾನೂ ಅವರಲ್ಲೊಬ್ಬಳು. ನಮ್ಮ ತಂದೆತಾಯಿಗಳು ಕೂಲಿಯ ದುಡ್ಡಿನಲ್ಲಿ ನಮ್ಮನ್ನು ಓದಿಸಿದ್ದು ಪದವಿಯ ಕಾಗದವನ್ನು ಗೋಡೆಗೆ ತೂಗುಹಾಕಲೆಂದಲ್ಲ. ಕಾನೂನು ಪದವಿಯಿಲ್ಲದವರೂ ತರಬೇತು ಪಡೆದು ಕಾನೂನು ಸೇವಾ ಸಮಿತಿಯ ಸ್ವಯಂಸೇವಕರಾಗಬಹುದು. ಅದಾಗದಿದ್ದರೆ ಭಾನುವಾರದ ಒಂದು ಗಂಟೆ ತಮ್ಮ ಬೀದಿಯವರ ಕಾಗದಗಳನ್ನು ಓದಿ ಹೇಳಬಹುದು. ಅರ್ಥವಾದುದನ್ನು ಹೇಳುವುದು, ಅರ್ಥವಾಗದುದನ್ನು ಊಹಿಸದೆ ವಕೀಲರ ಬಳಿಗೆ ಕಳುಹಿಸುವುದು, ಯಾರ ಗುಟ್ಟನ್ನೂ ಇನ್ನೊಬ್ಬರ ಮುಂದೆ ಆಡದಿರುವುದು, ಈ ಮೂರು ವ್ರತಗಳನ್ನು ಪಾಲಿಸಿದರೆ ಸಾಕು. ಬರುವ ರಜೆಯಲ್ಲಿ ನನ್ನ ಸಹಪಾಠಿಗಳು ತಂತಮ್ಮ ಮನೆಯ ಟ್ರಂಕಿನ ತಳದಲ್ಲಿರುವ ಕಾಗದಗಳನ್ನು ಹೊರಗೆ ತೆಗೆದು, ತಾಯಂದಿರನ್ನೂ ಅಕ್ಕತಂಗಿಯರನ್ನೂ ಹತ್ತಿರ ಕೂಡಿಸಿಕೊಂಡು, ಒಂದೊಂದಾಗಿ ಓದಿ ಹೇಳಲೆಂದು ಕೇಳಿಕೊಳ್ಳುತ್ತೇನೆ.