ಗಂಧೆಯೂ ಬದನೆಕಾಯಿಯೂ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಮೈಮೇಲೆ ಪಿತ್ತದ ಗಂಧೆ ಎದ್ದವನ ವಿಷಯದಲ್ಲಿ ನಮ್ಮ ಜನರು ನಡೆದುಕೊಳ್ಳುವ ರೀತಿಗೆ ಈ ಗಾದೆ ಚೆನ್ನಾಗಿ ಒಪ್ಪುತ್ತದೆ. ನವೆ ಚರ್ಮಕ್ಕೆ, ಶಿಕ್ಷೆ ಹೊಟ್ಟೆಗೆ! "ಏನು ತಿಂದೆ?" ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಬದನೆಕಾಯಿ ನಂಜು, ಕಡಲೆಕಾಯಿ ಪಿತ್ತ, ಮೊಟ್ಟೆ ಉಷ್ಣ ಎಂದು ಒಂದೊಂದೂ ತಟ್ಟೆಯಿಂದ ಎದ್ದುಹೋಗಿ ಕೊನೆಗೆ ಮಜ್ಜಿಗೆ ಅನ್ನವೊಂದೇ ಉಳಿಯುತ್ತದೆ. ಗಂಧೆ ಮಾತ್ರ ಮರುದಿನವೂ ಏಳುತ್ತದೆ. ಎರಡು ವರ್ಷಗಳಿಂದ ಈ ಬಾಧೆಯನ್ನು ಅನುಭವಿಸುತ್ತಿರುವ ನಾನು ಈ ಬಗ್ಗೆ ಎರಡು ಮಾತು ಬರೆದರೆ ವಾಚಕರು ಮನ್ನಿಸುವರೆಂದು ನಂಬಿದ್ದೇನೆ.

ಆಹಾರದಿಂದ ಗಂಧೆ ಏಳುವುದೇ ಇಲ್ಲವೆಂಬುದು ನನ್ನ ವಾದವಲ್ಲ. ಸಿಗಡಿಯೋ ಕಡಲೆಕಾಯಿಯೋ ಒಗ್ಗದವರಿಗೆ ಅದನ್ನು ತಿಂದ ಸ್ವಲ್ಪ ಹೊತ್ತಿನಲ್ಲಿಯೇ ಮೈಯೆಲ್ಲ ದದ್ದು ಏಳುವುದುಂಟು. ಆದರೆ ಆರು ವಾರಗಳನ್ನು ಮೀರಿ, ಹೆಚ್ಚುಕಡಿಮೆ ದಿನವೂ, ಕಣ್ಣಿಗೆ ಕಾಣುವ ಕಾರಣವಿಲ್ಲದೆ ಎದ್ದು ಅಡಗುವ ಗಂಧೆಯನ್ನು ವೈದ್ಯರು ಬೇರೆಯಾಗಿಯೇ ಎಣಿಸುತ್ತಾರೆ. ಅದಕ್ಕೆ ಆಹಾರದ ಅಲರ್ಜಿ ಕಾರಣವಾಗುವುದು ಅತಿ ವಿರಳ.

ಹಾಗಾದರೆ ಒಳಗೆ ನಡೆಯುವುದೇನು? ಚರ್ಮದ ಕಿರುರಕ್ತನಾಳಗಳ ಸುತ್ತ ಮಾಸ್ಟ್ ಕೋಶಗಳೆಂಬ ಕಾವಲುಗಾರರಿದ್ದಾರೆ. ಜರ್ಮನಿಯ ಪಾಲ್ ಏರ್ಲಿಖ್ 1878ರಲ್ಲಿ, ನಮ್ಮಂತೆ ವಿದ್ಯಾರ್ಥಿಯಾಗಿದ್ದಾಗಲೇ, ತನ್ನ ಪ್ರೌಢ ಪ್ರಬಂಧದಲ್ಲಿ ಇವುಗಳನ್ನು ವರ್ಣಿಸಿದನು. ಈ ಕೋಶಗಳೊಳಗೆ ಹಿಸ್ಟಮೀನ್ ಎಂಬ ವಸ್ತು ತುಂಬಿದ ಕಣಗಳಿವೆ. ಕೋಶ ಕೆರಳಿತೆಂದರೆ ಆ ವಸ್ತು ಹೊರಚೆಲ್ಲುತ್ತದೆ. ರಕ್ತನಾಳಗಳು ಹಿಗ್ಗಿ ಚರ್ಮ ಕೆಂಪಾಗುತ್ತದೆ. ಅವುಗಳ ಗೋಡೆ ಸಡಿಲಗೊಂಡು ರಕ್ತದ್ರವ ಸೋರಿ ಚರ್ಮ ಉಬ್ಬುತ್ತದೆ. ನರಗಳ ತುದಿ ಕೆರಳಿ ನವೆ ಹುಟ್ಟುತ್ತದೆ. ಸೋರಿದ ದ್ರವ ಇಂಗಿದೊಡನೆ ಗಂಧೆ ಗುರುತುಳಿಸದೆ ಮಾಯವಾಗುತ್ತದೆ. ಬೆಳಿಗ್ಗೆ ಎದ್ದದ್ದು ಸಂಜೆ ವೈದ್ಯರ ಬಳಿ ಹೋಗುವ ವೇಳೆಗೆ ಇರುವುದಿಲ್ಲ. ರೋಗಿ ಸುಳ್ಳುಗಾರನಂತೆ ಕಾಣುತ್ತಾನೆ!

ಈ ಕಾವಲುಗಾರರನ್ನು ಕೆರಳಿಸುವವರು ಯಾರು? 1986ರಲ್ಲಿ ಇಂಗ್ಲೆಂಡಿನ ವೈದ್ಯರು ಇಂಥ ರೋಗಿಗಳ ರಕ್ತದಿಂದ ಸೀರಮ್ ತೆಗೆದು ಅವರದೇ ಚರ್ಮಕ್ಕೆ ಚುಚ್ಚಿ ನೋಡಿದರು. ಕೆಲವರಲ್ಲಿ ಅಲ್ಲಿಯೇ ಗಂಧೆ ಎದ್ದಿತು. ಅಲ್ಲಿ ಬದನೆಕಾಯಿಯ ಸುಳಿವೇ ಇರಲಿಲ್ಲ. ಕಾರಣ ಅವರ ರಕ್ತದಲ್ಲಿಯೇ ಇತ್ತು. ಮಾಸ್ಟ್ ಕೋಶದ ಮೇಲೆ ಐ.ಜಿ.ಇ. ಎಂಬ ಪ್ರತಿಕಾಯವನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ. ಆ ಗ್ರಾಹಕಗಳ ಮೇಲೆಯೇ ಎರಗುವ ಪ್ರತಿಕಾಯಗಳು ಕೆಲವು ರೋಗಿಗಳಲ್ಲಿವೆಯೆಂದು 1993ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇನ್ನು ಕೆಲವರಲ್ಲಿ ಐ.ಜಿ.ಇ.ಯೇ ತಮ್ಮ ಥೈರಾಯ್ಡ್ ಗ್ರಂಥಿಯ ಪ್ರೋಟೀನಿನಂಥ ಸ್ವಂತ ವಸ್ತುಗಳ ಮೇಲೆ ತಿರುಗಿಬಿದ್ದಿರುತ್ತದೆ. ಅಂದರೆ, ಎಚ್ಚರಿಕೆಯ ಗಂಟೆಯನ್ನು ಬಾರಿಸುತ್ತಿರುವವನು ಹೊರಗಿನ ಕಳ್ಳನಲ್ಲ, ಮನೆಯವನೇ. ಐ.ಜಿ.ಇ.ಯನ್ನು ಕಟ್ಟಿಹಾಕುವ ಓಮಲಿಜುಮಾಬ್ ಎಂಬ ಚುಚ್ಚುಮದ್ದಿಗೆ 2014ರಲ್ಲಿ ಅಮೆರಿಕ, ಯೂರೋಪುಗಳಲ್ಲಿ ಈ ರೋಗಕ್ಕಾಗಿ ಅನುಮತಿ ದೊರೆಯಿತು. ಮಾತ್ರೆಗೆ ಜಗ್ಗದ ಅನೇಕರಿಗೆ ಅದು ನೆಮ್ಮದಿ ತಂದಿದೆ.

ಇದನ್ನು ತಿಳಿದುಕೊಳ್ಳುವುದರಿಂದ ಆಗುವ ಲಾಭವೇನೆಂದು ಕೇಳಬಹುದು. ಮೊದಲನೆಯದಾಗಿ, ಓದುವ ವಯಸ್ಸಿನ ಹುಡುಗ ಹುಡುಗಿಯರು ವೃಥಾ ಪಥ್ಯದಿಂದ ಸೊರಗುವುದು ತಪ್ಪುತ್ತದೆ. ಎರಡನೆಯದಾಗಿ, ಇದು ಅಂಟುರೋಗವಲ್ಲವೆಂದು ತಿಳಿದರೆ ವಿದ್ಯಾರ್ಥಿನಿಲಯದ ಗೆಳೆಯರು ಪಕ್ಕದ ಚಾಪೆಯನ್ನು ದೂರಕ್ಕೆ ಎಳೆದುಕೊಳ್ಳಬೇಕಾಗಿಲ್ಲ. ಮೂರನೆಯದಾಗಿ, ಕಂಬಳಿಯಿಂದ ಮೈ ಉಜ್ಜುವ ಮನೆಮದ್ದನ್ನು ಬಿಡಬಹುದು. ಉಜ್ಜುವುದರಿಂದಲೇ ಮಾಸ್ಟ್ ಕೋಶಗಳು ಕೆರಳುವವರೂ ಇದ್ದಾರೆ. ಹಿಸ್ಟಮೀನನ್ನು ತಡೆಯುವ, ತೂಕಡಿಕೆ ಹೆಚ್ಚು ತರದ ಮಾತ್ರೆಗಳು ಈಗ ದೊರೆಯುತ್ತವೆ. ಗಂಧೆ ಎದ್ದ ದಿನ ಮಾತ್ರವಲ್ಲದೆ, ವೈದ್ಯರು ಹೇಳಿದಷ್ಟು ಕಾಲ ದಿನವೂ ಅವನ್ನು ಸೇವಿಸಬೇಕು. ನಾಲಿಗೆ ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಧಾವಿಸತಕ್ಕದ್ದು.

ಬಹುಮಂದಿಯಲ್ಲಿ ಈ ರೋಗ ಕೆಲವು ವರ್ಷಗಳಲ್ಲಿ ತಾನಾಗಿಯೇ ಅಡಗುತ್ತದೆ. ಅಲ್ಲಿಯವರೆಗೆ ರೋಗಿಗೆ ಬೇಕಾದದ್ದು ಔಷಧ, ನಿದ್ದೆ ಮತ್ತು ಸುತ್ತಲಿನವರ ಸಹನೆ. ಆದ್ದರಿಂದ, ಮಿತ್ರರೆ, ಮೈ ಕೆರೆದುಕೊಳ್ಳುತ್ತ ತರಗತಿಗೆ ಬಂದ ಸಹಪಾಠಿಯನ್ನು ಕಂಡಾಗ "ಏನು ತಿಂದೆ?" ಎನ್ನುವ ಬದಲು "ರಾತ್ರಿ ನಿದ್ದೆ ಬಂದಿತೆ?" ಎಂದು ಕೇಳಿರಿ. ಬೇಕಾದರೆ ಹಿಂದಿನ ದಿನದ ಟಿಪ್ಪಣಿಯನ್ನೂ ಕೊಡಿರಿ.