ಕೂಸಿನ ಜ್ವರ, ಕೆಮ್ಮು

ಬತ್ತದ ಕೊಯಿಲು ಆರಂಭವಾಗುತ್ತಲೇ ಸಿಂಧನೂರು ಸೀಮೆಯಲ್ಲಿ ಧೂಳು ಏಳುತ್ತದೆ. ತುಂಗಭದ್ರಾ ಎಡದಂಡೆ ನಾಲೆಯ ನೀರುಂಡ ಗದ್ದೆಗಳಲ್ಲಿ ಯಂತ್ರಗಳು ಓಡಾಡುತ್ತವೆ. ಕೊಯ್ದ ಕೂಳೆಗೆ ಅಲ್ಲಲ್ಲಿ ಬೆಂಕಿ ಬೀಳುತ್ತದೆ. ಮಸ್ಕಿ, ಲಿಂಗಸುಗೂರುಗಳ ಕಡೆ ಹತ್ತಿ ಬಿಡಿಸುವ ಕಾಲವೂ ಅದೇ. ಹಗಲು ಬಿಸಿಲು, ಬೆಳಗಿನ ಜಾವ ಚಳಿ. ಇಂತಹ ದಿನಗಳಲ್ಲಿ ಹಿರಿಯ ಮಗು ಶಾಲೆಯಿಂದ ನೆಗಡಿ ತಂದರೆ, ಅದು ತೊಟ್ಟಿಲ ಕೂಸಿಗೆ ದಾಟಲು ಬಹಳ ದಿನ ಬೇಕಿಲ್ಲ. ರಾತ್ರಿ ಮೈ ಕಾದು ಕೆಮ್ಮು ಹತ್ತಿತೆಂದರೆ ಮನೆಮಂದಿಗೆಲ್ಲ ನಿದ್ರೆಯಿಲ್ಲ. ಬೆಳಗಿನವರೆಗೆ ಕಾಯಬೇಕೆ, ಈಗಲೇ ಹೊರಡಬೇಕೆ? ಈ ಪ್ರಶ್ನೆಗೆ ಸರಿಯಾದ ಉತ್ತರ ತಿಳಿದಿರುವುದು ಎಷ್ಟೋ ವೇಳೆ ಜೀವದ ಮಾತಾಗುತ್ತದೆ.

ಸೋಂಕನ್ನು ಎದುರಿಸಲು ದೇಹವೇ ತನ್ನ ಕಾವನ್ನು ಏರಿಸಿಕೊಳ್ಳುತ್ತದೆ, ಅದೇ ಜ್ವರ. ಕೆಮ್ಮು ಕಫವನ್ನು ಹೊರದೂಡುವ ಉಪಾಯ. ಎಳೆಯರ ನೆಗಡಿ ಕೆಮ್ಮುಗಳಲ್ಲಿ ಹೆಚ್ಚಿನವು ವೈರಾಣುಗಳಿಂದ ಬರತಕ್ಕವು. ಆಂಟಿಬಯಾಟಿಕ್ ಔಷಧಗಳು ಇವುಗಳ ಮೇಲೆ ನಡೆಯವು. ಜ್ವರವು ಸಾಮಾನ್ಯವಾಗಿ ಮೂರು ದಿನಗಳಲ್ಲಿ ಇಳಿಯುತ್ತದೆ. ಕೆಮ್ಮು ಎರಡು ಮೂರು ವಾರ ಉಳಿದರೂ ಉಳಿಯಬಹುದು.

ಆದುದರಿಂದ ಉಷ್ಣಮಾಪಕಕ್ಕಿಂತ ಹೆಚ್ಚಾಗಿ ನೋಡಬೇಕಾದುದು ಕೂಸಿನ ಉಸಿರನ್ನು. ಕೂಸು ಶಾಂತವಾಗಿರುವಾಗ, ಇಲ್ಲವೆ ಮಲಗಿರುವಾಗ, ಅಂಗಿಯನ್ನು ಮೇಲೆತ್ತಿ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳಿಗಿಂತ ಎಳೆಯ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40, ಅಥವಾ ಇವುಗಳಿಗಿಂತ ಹೆಚ್ಚು ಉಸಿರಾಟಗಳಾದರೆ ನ್ಯುಮೋನಿಯಾದ ಸಂಶಯವುಂಟು, ವೈದ್ಯರಲ್ಲಿಗೆ ಹೋಗಲೇಬೇಕು. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಕುಸಿದರೆ, ಅಂದರೆ ಪಕ್ಕೆ ಸೆಳೆತವಿದ್ದರೆ, ಒಂದು ಗಳಿಗೆಯೂ ತಡಮಾಡಕೂಡದು. ಮೊಲೆ ಕುಡಿಯದಿರುವುದು, ಕುಡಿದುದೆಲ್ಲ ವಾಂತಿಯಾಗುವುದು, ಎಬ್ಬಿಸಿದರೂ ಏಳದ ಮಂಪರು, ತುಟಿ ನೀಲಿಗಟ್ಟುವುದು, ಸೆಳವು ಬರುವುದು ಇವೂ ಅಷ್ಟೇ ಅಪಾಯದ ಲಕ್ಷಣಗಳು. ಮೂರು ತಿಂಗಳೊಳಗಿನ ಕೂಸಿನ ಕಾವು 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಬೇರೆ ಯಾವ ಲಕ್ಷಣವಿಲ್ಲದಿದ್ದರೂ ಅದೇ ದಿನ ವೈದ್ಯರು ನೋಡಬೇಕು.

ಇವಾವುವೂ ಇಲ್ಲದಿದ್ದರೆ ಮನೆಯ ಶುಶ್ರೂಷೆ ಸಾಕು. ಎದೆಹಾಲನ್ನು ನಿಲ್ಲಿಸದೆ ಹೆಚ್ಚು ಬಾರಿ ಕೊಡಬೇಕು. ಉಣ್ಣುವ ಮಗುವಿಗೆ ಗಂಜಿ, ಬೇಳೆಕಟ್ಟು, ತೆಳುವಾದ ಅಂಬಲಿ ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ಕಂಬಳಿ ಹೊದಿಸಿ, ಕಿಟಕಿ ಮುಚ್ಚಿ, ಕುಲಾವಿ ಬಿಗಿದರೆ ಕಾವು ಇನ್ನಷ್ಟು ಏರೀತು. ತೆಳುವಾದ ಅಂಗಿ, ಗಾಳಿಯಾಡುವ ಕೋಣೆ ಲೇಸು. ಹತ್ತಿಕಟ್ಟಿಗೆಯ ಒಲೆ, ಬೀಡಿ, ಊದುಬತ್ತಿಗಳ ಹೊಗೆ ಕೂಸಿನ ಬಳಿ ಸುಳಿಯಬಾರದು. ಮೂಗು ಕಟ್ಟಿದರೆ ಔಷಧದ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿಗಳನ್ನು ಬಿಡಬಹುದು.

ಜ್ವರದಿಂದ ಮಗು ಸಂಕಟಪಡುತ್ತಿದ್ದರೆ ಪ್ಯಾರಾಸಿಟಮಾಲ್ ಸಾಕು. ತೂಕದ ಕಿಲೋಗ್ರಾಮಿಗೆ 10ರಿಂದ 15 ಮಿಲಿಗ್ರಾಂ ಅದರ ಪ್ರಮಾಣ. ಎರಡು ಸಲಗಳ ನಡುವೆ ನಾಲ್ಕರಿಂದ ಆರು ಗಂಟೆಗಳ ಅಂತರವಿರಬೇಕು, ದಿನಕ್ಕೆ ನಾಲ್ಕು ಸಲ ಮೀರಬಾರದು. ಇಲ್ಲಿಯೇ ಒಂದು ಎಚ್ಚರಿಕೆ. ಸೀಸೆಗಳಲ್ಲಿ ಬಲ ಒಂದೇ ಸಮನಲ್ಲ. 5 ಮಿಲಿಲೀಟರಿನಲ್ಲಿ 120 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಹತ್ತು ಕಿಲೋ ತೂಗುವ ಮಗುವಿಗೆ ಮೊದಲನೆಯದು ಸುಮಾರು 6 ಮಿಲಿಲೀಟರು ಬೇಕಾದರೆ, ಎರಡನೆಯದು 3 ಮಿಲಿಲೀಟರೇ ಪೂರ್ಣ ಪ್ರಮಾಣ. ಹೋದ ಸಲದ ಚಮಚದ ಲೆಕ್ಕ ಈ ಸಲಕ್ಕೆ ಹೊಂದಲಾರದು. ಚೀಟಿ ಓದಿಯೇ ಅಳೆಯಬೇಕು. ಆಸ್ಪಿರಿನ್ ಮಕ್ಕಳಿಗೆ ಸಲ್ಲದು.

ಕೆಮ್ಮಿನ ಔಷಧದ ಮಾತು ಬೇರೆ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಬೆರೆತಿದ್ದ ಕೆಮ್ಮಿನ ಸಿರಪ್ ಕುಡಿದು, ಮೂತ್ರಪಿಂಡಗಳು ಕೆಟ್ಟು ಅನೇಕ ಮಕ್ಕಳು ಸತ್ತರು. 2022ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿಯೂ ಇಂತಹ ದುರಂತ ನಡೆದಿತ್ತು. 2025ರ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆಯು ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಗಳ ಔಷಧ ಕೊಡಲೇಬಾರದೆಂದೂ, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ತಕ್ಕುದಲ್ಲವೆಂದೂ ತಿಳಿಸಿತು. ವಿಷವಿಲ್ಲದ ಸಿರಪ್ಪಿನಿಂದಲೂ ಎಳೆಯರಿಗೆ ಹೇಳಿಕೊಳ್ಳುವ ಪ್ರಯೋಜನವಿಲ್ಲ. ಒಂದು ವರ್ಷ ತುಂಬಿದ ಮಗುವಿಗೆ ಮಲಗುವ ಮುನ್ನ ಅರ್ಧ ಚಮಚ ಜೇನು ಕೊಟ್ಟರೆ ಗಂಟಲಿಗೆ ಹಿತ. ಒಂದು ವರ್ಷದೊಳಗೆ ಜೇನು ಸಲ್ಲದು. ಬಾಟ್ಯುಲಿಸಂ ಎಂಬ ಅಪರೂಪದ, ಆದರೆ ಘೋರವಾದ ರೋಗ ಬಂದೀತು.

ಹಿರಿಯರ ಮಮತೆ ದೊಡ್ಡದು; ಆದರೆ ಕೆಲವು ರೂಢಿಗಳನ್ನು ಅವರು ಬಿಡಬೇಕು. ಕೂಸಿನ ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದೀತು. ಎಳೆಗೂಸಿನ ಎದೆಗೆ ಕರ್ಪೂರದೆಣ್ಣೆ ಹಚ್ಚಿದರೆ ಸೆಳವು ಬಂದೀತು. ಹೊಟ್ಟೆಗೆ ಬರೆ ಹಾಕುವುದರಿಂದ ಗಾಯವಲ್ಲದೆ ಮತ್ತೇನೂ ಆಗದು. ಜ್ವರದ ಸೆಳವು ಬಂದಾಗ ಬಾಯಿಗೆ ನೀರು, ಚಮಚ ಯಾವುದನ್ನೂ ಇಡದೆ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಬೇಕು.

ಸಿಂಧನೂರು, ಲಿಂಗಸುಗೂರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಮಸ್ಕಿ ಇವೆರಡರ ನಡುವೆ ಇದೆ. ರಾಯಚೂರಿನ ದೊಡ್ಡ ಆಸ್ಪತ್ರೆ ಮಾತ್ರ ದೂರ. ಅಪಾಯದ ಲಕ್ಷಣ ಕಂಡಾಗ ಮೊದಲು ಹತ್ತಿರದ ಆಸ್ಪತ್ರೆಗೆ ಸೇರಿಸಿ ಆಮ್ಲಜನಕ, ಮೊದಲ ಮದ್ದು ದೊರೆಯುವಂತೆ ಮಾಡಬೇಕು. ಮುಂದಿನ ಪಯಣ ಆಮೇಲಿನದು.

ಜ್ವರ ಇಳಿದ ಮೇಲೆ ಲಸಿಕೆಯ ಕಾರ್ಡನ್ನು ತೆಗೆದು ನೋಡಬೇಕು. ನ್ಯುಮೋನಿಯಾ ತಡೆಯುವ ನ್ಯೂಮೋಕಾಕಲ್ ಲಸಿಕೆ 6ನೆಯ ವಾರ, 14ನೆಯ ವಾರ, 9ನೆಯ ತಿಂಗಳುಗಳಲ್ಲಿ ಸರ್ಕಾರಿ ಕೇಂದ್ರಗಳಲ್ಲಿ ಬೆಲೆಯಿಲ್ಲದೆ ದೊರೆಯುತ್ತದೆ. ತಪ್ಪಿದ್ದರೆ ಮುಂದಿನ ಲಸಿಕೆಯ ದಿನವೇ ಆಶಾ ಕಾರ್ಯಕರ್ತೆಯನ್ನು ಕಂಡು ವಿಚಾರಿಸುವುದು ಒಳಿತು.