ಹೆಸರಿನ ತೂಕ, ವಿದ್ಯೆಯ ತೂಕ

ಸಂಗೀತದಲ್ಲಿ ಅಭಿರುಚಿಯುಳ್ಳ ನಾಲ್ವರು ಒಂದೆಡೆ ಕಲೆತರೆಂದರೆ ಅಲ್ಲಿ ಒಂದು ವಾದವು ಹುಟ್ಟದೆ ಹೋಗುವುದು ಅಪೂರ್ವ. “ಇಂಥವರಿಗೆ ಬಂದಿರುವ ಹೆಸರು ಅವರ ವಿದ್ಯೆಯನ್ನು ಮೀರಿದ್ದು” ಎಂದು ಒಬ್ಬರು. “ಅಂಥವರ ವಿದ್ಯೆಗೆ ತಕ್ಕ ಹೆಸರು ಬರಲೇ ಇಲ್ಲ” ಎಂದು ಇನ್ನೊಬ್ಬರು. ಊಟಕ್ಕೆ ಎಲೆ ಹಾಕಿದರೂ ವಾದವು ಮುಗಿಯದು. ಮನೆಯ ಮಕ್ಕಳು ಗೋಡೆಗೊರಗಿ ಕುಳಿತು ಇದನ್ನೆಲ್ಲ ಕೇಳುತ್ತಿರುತ್ತಾರೆ. ಯಾವ ಗಾಯಕರ ಒಂದು ರಾಗವನ್ನೂ ಕೇಳುವುದಕ್ಕೆ ಮೊದಲೇ ಅವರ ಬೆಲೆಯನ್ನು ಕಲಿತುಕೊಂಡು ಬಿಡುತ್ತಾರೆ.

ಈ ವಾದವನ್ನು ವ್ಯರ್ಥವೆಂದು ತಳ್ಳಿಹಾಕುವವರ ಪಕ್ಷ ನಮ್ಮದಲ್ಲ. “ಅವರವರ ರುಚಿ ಅವರವರಿಗೆ” ಎಂದು ಹೇಳಿ ಎದ್ದುಹೋಗುವುದು ಸುಲಭ. ಆದರೆ ಹೆಸರೆಂಬುದು ಬರಿಯ ಗಾಳಿಮಾತಲ್ಲ. ಹೆಸರಿದ್ದವರಿಗೆ ಕಚೇರಿಗಳು, ಹೆಸರಿದ್ದವರಿಗೆ ಶಿಷ್ಯರು, ಹೆಸರಿದ್ದವರ ಹಾಡಿಕೆಗೆ ಧ್ವನಿಮುದ್ರಣ. ಹೆಸರಿಲ್ಲದ ವಿದ್ವಾಂಸನು ತೀರಿಕೊಂಡ ದಿನ ಅವನ ಪಾಠಾಂತರವೂ ಅವನೊಡನೆಯೇ ಹೋಗುತ್ತದೆ. ಆದುದರಿಂದ ಯಾರನ್ನು ಎಷ್ಟು ಮೆಚ್ಚಬೇಕೆಂಬ ವಿಚಾರವು ಒಬ್ಬರ ಅನ್ನದ ವಿಚಾರವೂ ಹೌದು, ಮುಂದಿನ ತಲೆಮಾರಿಗೆ ಏನು ಉಳಿಯಬೇಕೆಂಬ ವಿಚಾರವೂ ಹೌದು. ವಾದವಿರಲಿ, ಆದರೆ ತಕ್ಕಡಿಯು ನೆಟ್ಟಗಿರಲಿ ಎಂಬುದಷ್ಟೇ ನಮ್ಮ ಬೇಡಿಕೆ.

ಧಾರವಾಡ ಹುಬ್ಬಳ್ಳಿಗಳ ಕಡೆಯ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಒಂದು ವಾದವನ್ನೇ ತೆಗೆದುಕೊಳ್ಳೋಣ. ಪಂಡಿತ ಭೀಮಸೇನ ಜೋಶಿಯವರೂ (1922–2011) ಪಂಡಿತ ಬಸವರಾಜ ರಾಜಗುರುಗಳೂ (1920–1991) ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಒಂದೇ ಸೀಮೆಯವರು. ಕುಂದಗೋಳದ ಸವಾಯಿ ಗಂಧರ್ವರ ಪಾಠವು ಇಬ್ಬರಿಗೂ ದೊರಕಿತ್ತು. ಜೋಶಿಯವರಿಗೆ 2008ರಲ್ಲಿ ಭಾರತರತ್ನ ಪ್ರಶಸ್ತಿಯು ಬಂದಿತು. ಅವರ ಹೆಸರನ್ನು ಕೇಳದ ಮನೆಯು ದೇಶದಲ್ಲಿ ವಿರಳ. ರಾಜಗುರುಗಳಿಗೆ ಪದ್ಮಭೂಷಣವು ಬಂದುದು 1991ರಲ್ಲಿ, ಅವರು ಕಾಲವಾದ ವರ್ಷದಲ್ಲಿ; ಕನ್ನಡನಾಡು ಮಹಾರಾಷ್ಟ್ರಗಳನ್ನು ದಾಟಿದರೆ ಅವರನ್ನು ಬಲ್ಲವರು ಸಂಗೀತದಲ್ಲಿ ಪಳಗಿದವರು ಮಾತ್ರ. ರಾಜಗುರುಗಳ ಅಭಿಮಾನಿಗಳು ಕೇಳುವ ಪ್ರಶ್ನೆ ಇದು: “ಎಣಿಸಲಾರದಷ್ಟು ರಾಗಗಳನ್ನೂ ಚೀಜುಗಳನ್ನೂ ಕಂಠದಲ್ಲಿಟ್ಟುಕೊಂಡಿದ್ದವರು ನಮ್ಮ ಗುರುಗಳು. ಜೋಶಿಯವರಾದರೋ ಪೂರಿಯಾ ಧನಾಶ್ರೀ, ದರಬಾರಿ, ಮಿಯಾ ಕಿ ತೋಡಿ, ಶುದ್ಧ ಕಲ್ಯಾಣ ಎಂದು ಅವೇ ಕೆಲವು ರಾಗಗಳನ್ನು ಮತ್ತೆ ಮತ್ತೆ ಹಾಡಿದರು. ಹಾಗಿರುವಲ್ಲಿ ಕೀರ್ತಿಯಲ್ಲಿ ಇಷ್ಟು ಅಂತರವೇಕೆ?”

ಪ್ರಶ್ನೆಯು ನ್ಯಾಯವಾದುದೇ. ಆದರೆ ಇದರಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ, ಬಿಡಿಸಿ ನೋಡತಕ್ಕದ್ದು. ಕೀರ್ತಿಯಲ್ಲಿ ಅಂತರವೇಕೆ ಎಂಬುದು ಒಂದು; ವಿದ್ಯೆಯಲ್ಲಿ ಅಂತರವಿತ್ತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರವು ಕಷ್ಟವಲ್ಲ. ಜೋಶಿಯವರು ಪುಣೆಯಲ್ಲಿ ನೆಲೆಸಿದರು, ಗುರುವಿನ ಸ್ಮರಣೆಗಾಗಿ 1953ರಲ್ಲಿ ಅಲ್ಲಿ ಆರಂಭವಾದ ಉತ್ಸವವನ್ನು ವರ್ಷವರ್ಷವೂ ನಡೆಸಿ ಬೆಳೆಸಿದರು, ದೇಶವನ್ನೆಲ್ಲ ಸಂಚರಿಸಿದರು, ಮರಾಠಿಯ ಅಭಂಗಗಳನ್ನೂ ಕನ್ನಡದ ದಾಸರ ಪದಗಳನ್ನೂ ಹಾಡಿ, ರಾಗವೆಂದರೇನೆಂದು ಅರಿಯದವರ ಪೂಜೆಯ ಕೋಣೆಯನ್ನೂ ಪ್ರವೇಶಿಸಿದರು. ರಾಜಗುರುಗಳು ಧಾರವಾಡವನ್ನೇ ನೆಲೆಯಾಗಿಟ್ಟುಕೊಂಡರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ನಮ್ಮವರ ಬಾಯಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ.

ಎರಡನೆಯ ಪ್ರಶ್ನೆಗೆ ಕೀರ್ತಿಯ ಲೆಕ್ಕದಿಂದ ಉತ್ತರ ದೊರಕದು. ಕೆಲವೇ ರಾಗಗಳನ್ನು ಹಾಡಿದರೆಂಬುದು ದೋಷವೇ? ಒಂದೇ ಬಾವಿಯನ್ನು ಆಳಕ್ಕೆ ತೋಡುವವನ ಕೆಲಸ ಬೇರೆ. ಊರಿನ ಕೆರೆಕಟ್ಟೆಗಳನ್ನೆಲ್ಲ ಬಲ್ಲವನ ಕೆಲಸ ಬೇರೆ. ಜೋಶಿಯವರು ಹಿಡಿದುದು ಸ್ವರದ ತುಂಬುತನವನ್ನು, ಉಸಿರಿನ ದೀರ್ಘತೆಯನ್ನು, ಒಂದು ರಾಗವು ಶ್ರೋತೃವಿನ ಮೈಮೇಲೆ ಬರುವ ಕ್ಷಣವನ್ನು. ರಾಜಗುರುಗಳು ಹಿಡಿದುದು ವಿಸ್ತಾರವನ್ನು. ಗದುಗಿನ ಪಂಚಾಕ್ಷರಿ ಗವಾಯಿಗಳಲ್ಲಿ ಆರಂಭವಾದ ಅವರ ಅಭ್ಯಾಸವು ಹಲವು ಗುರುಗಳ ಮನೆಯ ಹೊಸ್ತಿಲನ್ನು ದಾಟಿ ಬೆಳೆದುದು. ಖಯಾಲು, ಠುಮರಿ, ನಾಟ್ಯಗೀತೆ, ವಚನ ಎಲ್ಲವೂ ಅವರಿಗೆ ಒಲಿದಿದ್ದುವು. ಒಬ್ಬರು ಕೈಗೊಂಡ ಕೆಲಸದ ಅಳತೆಯಿಂದ ಇನ್ನೊಬ್ಬರನ್ನು ಅಳೆಯಹೋದರೆ ಇಬ್ಬರಿಗೂ ಅನ್ಯಾಯವಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಜೋಶಿಯವರ ಕೀರ್ತಿಯು ಅತಿಯಾದುದಲ್ಲ. ರಾಜಗುರುಗಳಿಗೆ ಸಂದುದು ಸಾಲದು. ಎರಡನೆಯ ಮಾತನ್ನು ಹೇಳುವುದಕ್ಕೆ ಮೊದಲನೆಯವರನ್ನು ತಗ್ಗಿಸಬೇಕಾದ ಅವಶ್ಯವೇನೂ ಇಲ್ಲ.

ಕಾಲವೆಂಬುದು ಇನ್ನೊಂದು. ಪಂಡಿತ ಮಲ್ಲಿಕಾರ್ಜುನ ಮನಸೂರರು (1910–1992) ಮೀರಜಿನ ನೀಲಕಂಠಬುವಾ ಅವರಲ್ಲಿಯೂ, ಬಳಿಕ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರಲ್ಲಿಯೂ ಕಲಿತವರು. ಅವರ ಗ್ರಾಮಫೋನ್ ತಟ್ಟೆಗಳು 1930ರ ದಶಕದಲ್ಲಿಯೇ ಹೊರಬಂದಿದ್ದುವು. ಆದರೂ ಪದ್ಮಶ್ರೀ ಬಂದುದು 1970ರಲ್ಲಿ, ಅರುವತ್ತರ ಹೊಸ್ತಿಲಲ್ಲಿ. ಪದ್ಮವಿಭೂಷಣವು 1992ರಲ್ಲಿ, ಬದುಕಿನ ಕೊನೆಯ ವರ್ಷದಲ್ಲಿ. ದೇಶದ ದೊಡ್ಡ ಸಭೆಗಳು ಅವರನ್ನು ಹುಡುಕಿಕೊಂಡು ಬಂದುದು ಮುಪ್ಪಿನಲ್ಲಿ. ಅವರು ಅರುವತ್ತಕ್ಕೇ ಕಾಲವಾಗಿದ್ದರೆ ನಾವು ಇಂದು ಅವರನ್ನು “ಧಾರವಾಡದ ಒಬ್ಬ ಒಳ್ಳೆಯ ಗವಾಯಿ” ಎಂದಷ್ಟೇ ನೆನೆಯುತ್ತಿದ್ದೆವೋ ಏನೋ! ಕೇಳುವವರ ಕಿವಿಯು ಪಕ್ವವಾಗುವವರೆಗೆ ಬದುಕಿರುವ ಭಾಗ್ಯವು ಎಲ್ಲರಿಗೂ ಇರುವುದಿಲ್ಲ. ಅವರ ಸಮಕಾಲೀನರಲ್ಲಿ ಹಾಗೆ ಅರ್ಧದಾರಿಯಲ್ಲೇ ಮರೆಯಾದವರು ಎಷ್ಟು ಮಂದಿಯೋ!

ಯಂತ್ರದ ಪಾತ್ರವೂ ಸಣ್ಣದಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡಿಕೆಯನ್ನು ತಟ್ಟೆಗೆ ಇಳಿಸಿದರು. ಗಂಟೆಗಟ್ಟಲೆ ಹಾಡುವ ರಾಗವನ್ನು ಸುಮಾರು ಮೂರು ನಿಮಿಷಗಳಲ್ಲಿ ಹಿಡಿಸಬೇಕಾಗಿತ್ತು. ಆ ಕಟ್ಟಿಗೆ ಒಗ್ಗಿದವರ ಹೆಸರು ದೇಶವನ್ನೆಲ್ಲ ಸುತ್ತಿತು; ಒಗ್ಗದವರದು ಊರಿನಲ್ಲೇ ಉಳಿಯಿತು. ಆದರೆ ಅಂಥ ಹೆಸರೂ ಸ್ಥಿರವಲ್ಲ. ನೂರಾರು ತಟ್ಟೆಗಳನ್ನು ಹಾಡಿ, ರಾಣಿಯಂತೆ ಬಾಳಿದ ಗೌಹರ್ ಜಾನ್, ಕೊನೆಗಾಲದಲ್ಲಿ ಮೈಸೂರರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಇನ್ನು ಅದೇ ಮೈಸೂರಿನ ವೀಣೆ ಶೇಷಣ್ಣನವರು (1852–1926) ಬಾಳಿದ್ದು ಧ್ವನಿವರ್ಧಕಕ್ಕೆ ಮುಂಚಿನ ಕಾಲದಲ್ಲಿ. ವೀಣೆಯಂಥ ಮೃದುವಾದ ವಾದ್ಯದ ಸೊಗಸು ಹತ್ತಿರ ಕುಳಿತ ಕೆಲವರಿಗೆ ಮಾತ್ರ ದಕ್ಕುತ್ತಿತ್ತು. ಅವರ ಹಿರಿಮೆಯನ್ನು ನಾವು ಬಹುಮಟ್ಟಿಗೆ ಕೇಳಿದವರ ಮಾತಿನ ಮೇಲೆಯೇ ನಂಬಬೇಕಾಗಿದೆ. ಕೇಳಲು ಸಿಕ್ಕದವರನ್ನು ಕಿರಿಯರೆಂದು ಎಣಿಸುವುದು ಎಂಥ ನ್ಯಾಯ?

ಪಕ್ಕವಾದ್ಯದವರ ಸಂಗತಿಯನ್ನು ಹೇಳದೆ ಈ ಲೆಕ್ಕವು ಪೂರ್ಣವಾಗದು. ಆಹ್ವಾನಪತ್ರಿಕೆಯಲ್ಲಿ ಗಾಯಕರ ಹೆಸರು ದಪ್ಪಕ್ಷರದಲ್ಲಿ, ಪಿಟೀಲು ಮೃದಂಗದವರ ಹೆಸರು ಕೆಳಗೆ ಸಣ್ಣಕ್ಷರದಲ್ಲಿ. ಮೈಸೂರು ಟಿ. ಚೌಡಯ್ಯನವರು (1895–1967) ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ದೊಡ್ಡ ಸಭೆಗಳಲ್ಲಿ ತಮ್ಮ ಪಿಟೀಲು ಹಿಂದಿನ ಸಾಲಿಗೆ ಕೇಳಿಸದೆಂದು ಅವರು ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಪಕ್ಕದಲ್ಲಿ ಕುಳಿತವನೂ ಕೇಳಿಸಬೇಕೆಂಬ ಹಟವು ಆ ತಂತಿಗಳಲ್ಲಿತ್ತೆಂದರೆ ತಪ್ಪಾಗದು. ಮದರಾಸಿನ ಸಂಗೀತ ವಿದ್ವತ್ಸಭೆಯು 1957ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಅವರ ಹೆಸರಿನಲ್ಲಿ ನಿಂತಿದೆ. ಆದರೆ ಮೃದಂಗದವರಲ್ಲಿ ಮೊದಲಿಗರಾಗಿ ಪಾಲಘಾಟ್ ಮಣಿ ಅಯ್ಯರ್ ಅವರಿಗೆ ಆ ಬಿರುದು ಸಂದುದು 1966ರಲ್ಲಿ. ಆ ಸಭೆಯು ಹುಟ್ಟಿದ್ದು 1928ರಲ್ಲಿ! ಅಷ್ಟು ಕಾಲ ಲಯವಿಲ್ಲದೆ ಕಚೇರಿಗಳು ನಡೆದಿದ್ದುವೇ?

ಹೆಂಗಸರ ವಿಷಯದಲ್ಲಿ ತಕ್ಕಡಿಯು ಇನ್ನೂ ವಾಲಿತ್ತು. ಅದೇ ಬಿರುದು ಮೊತ್ತಮೊದಲಿಗೆ ಒಬ್ಬ ಮಹಿಳೆಗೆ, ಎಂ. ಎಸ್. ಸುಬ್ಬುಲಕ್ಷ್ಮಿಯವರಿಗೆ, ದೊರೆತುದು 1968ರಲ್ಲಿ. ನಮ್ಮ ಗಂಗೂಬಾಯಿ ಹಾನಗಲ್ಲರ (1913–2009) ಕಂಠವು ಗಡುಸಾದಾಗ, ಹೆಣ್ಣಿನ ದನಿಯಲ್ಲವೆಂದು ಮೂಗು ಮುರಿದವರುಂಟು. ಅವರು ಆ ದನಿಯನ್ನು ಮರೆಮಾಡಲಿಲ್ಲ. ಅದರ ಗಾಂಭೀರ್ಯವನ್ನೇ ತಮ್ಮ ಸಂಪತ್ತನ್ನಾಗಿ ಮಾಡಿಕೊಂಡರು. ಪದ್ಮವಿಭೂಷಣವು 2002ರಲ್ಲಿ ಬಂದಾಗ ಅವರಿಗೆ ಸುಮಾರು ತೊಂಬತ್ತು ವರ್ಷ. ಆದರೆ ನಾವು ಇಲ್ಲಿ ವಿಶೇಷವಾಗಿ ನೆನೆಯಬೇಕೆಂದಿರುವುದು ಅವರ ತಾಯಿ ಅಂಬಾಬಾಯಿಯವರನ್ನು. ಕರ್ನಾಟಕ ಸಂಗೀತದಲ್ಲಿ ಬಲ್ಲಿದೆಯಾಗಿದ್ದ ಆ ತಾಯಿಯು, ಮಗಳು ಕಲಿಯುವ ಹಿಂದುಸ್ತಾನಿ ಪದ್ಧತಿಗೆ ತನ್ನ ಹಾಡಿಕೆಯ ನೆರಳು ಬೀಳಬಾರದೆಂದು ತಾನು ಹಾಡುವುದನ್ನೇ ನಿಲ್ಲಿಸಿದಳು. ಯಾವ ಪ್ರಶಸ್ತಿಯ ಪಟ್ಟಿಯಲ್ಲಿ ಈಕೆಯ ಹೆಸರನ್ನು ಬರೆಯೋಣ? ಮಗಳ ಕೀರ್ತಿಯನ್ನು ಹೇಳುವಾಗ ತಾಯಿಯ ಮೌನವನ್ನೂ ಕೂಡಿಸಿ ಹೇಳುವುದು ನ್ಯಾಯವಲ್ಲವೇ?

ಬಿರುದುಗಳೇ ವಿದ್ಯೆಗೆ ಸಾಕ್ಷಿಯಲ್ಲವೆಂಬುದನ್ನು ಕಲಾವಿದರೇ ತೋರಿಸಿಕೊಟ್ಟಿದ್ದಾರೆ. ಸಿತಾರ್ ವಾದಕ ಉಸ್ತಾದ್ ವಿಲಾಯತ್ ಖಾನರು 1964ರಲ್ಲಿ ಪದ್ಮಶ್ರೀಯನ್ನೂ, 1968ರಲ್ಲಿ ಪದ್ಮಭೂಷಣವನ್ನೂ, 2000ದಲ್ಲಿ ಪದ್ಮವಿಭೂಷಣವನ್ನೂ ಬೇಡವೆಂದರು. ತಮ್ಮ ಸಂಗೀತದ ಬೆಲೆ ಕಟ್ಟುವ ಯೋಗ್ಯತೆ ಆಯ್ಕೆ ಮಾಡುವವರಿಗಿಲ್ಲವೆಂಬುದು ಅವರ ಆಕ್ಷೇಪ. ಅನ್ನಪೂರ್ಣಾದೇವಿಯವರಾದರೋ (1927–2018) ಸುರಬಹಾರ್ ವಾದನದಲ್ಲಿ ಸಿದ್ಧಿ ಪಡೆದೂ ಸಭೆಗಳಲ್ಲಿ ನುಡಿಸುವುದನ್ನು ಬಿಟ್ಟುಬಿಟ್ಟರು. ನಿಖಿಲ ಬ್ಯಾನರ್ಜಿ, ಹರಿಪ್ರಸಾದ ಚೌರಾಸಿಯಾ ಮುಂತಾದ ಶಿಷ್ಯರ ಮೂಲಕವೇ ಲೋಕವು ಅವರನ್ನು ಅರಿಯಬೇಕಾಯಿತು. ಇಂದು ಬಿರುದುಗಳ ಜೊತೆಗೆ ಇನ್ನೊಂದು ಅಳತೆಗೋಲು ಸೇರಿಕೊಂಡಿದೆ. ಕೈಯಲ್ಲಿರುವ ಮೊಬೈಲಿನಲ್ಲಿ ಎಷ್ಟು ಲಕ್ಷ ಜನರು ನೋಡಿದರೆಂಬ ಲೆಕ್ಕವನ್ನು ಕಂಡು ಗಾಯಕರ ಯೋಗ್ಯತೆಯನ್ನು ನಿರ್ಣಯಿಸುತ್ತಾರೆ. ಸಂತೆಯಲ್ಲಿ ಎಷ್ಟು ಜನ ಸೇರಿದ್ದರೆಂಬುದರಿಂದ ಸಾಮಾನಿನ ಗುಣವು ತಿಳಿಯುವುದೇ? ಆದರೆ ಅದೇ ಮೊಬೈಲಿನಲ್ಲಿ ಮನಸೂರರ ಹಳೆಯ ತಟ್ಟೆಗಳೂ ರಾಜಗುರುಗಳ ಹಾಡಿಕೆಯೂ ಬೇಕೆಂದಾಗ ದೊರೆಯುತ್ತವೆ. ನಮ್ಮ ಅಜ್ಜಂದಿರಿಗೆ ಇಲ್ಲದಿದ್ದ ಈ ಅನುಕೂಲವು ನಮಗಿರುವಾಗ, ಕೇಳದೆಯೇ ತೀರ್ಪು ಕೊಡುವುದಕ್ಕೆ ನೆವವಿಲ್ಲ.

ಇನ್ನು ನಮ್ಮ ಮನೆಯಂಗಳದ ಮಾತು. ಮದುವೆಯ ಚಪ್ಪರದಲ್ಲಿ ಓಲಗದವರು ಬೆಳಗಿನ ಜಾವದಿಂದ ನುಡಿಸುತ್ತಿರುತ್ತಾರೆ. ಮುಹೂರ್ತದಲ್ಲಿ “ಗಟ್ಟಿಮೇಳ” ಎಂದು ಕೂಗುವುದನ್ನು ಬಿಟ್ಟರೆ ಅವರ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ತೋಡಿಯನ್ನೋ ಕಲ್ಯಾಣಿಯನ್ನೋ ಅವರು ಎಷ್ಟು ಹೃದ್ಯವಾಗಿ ನುಡಿಸಿದರೂ ನೆಂಟರ ಮಾತಿನ ಗದ್ದಲದಲ್ಲಿ ಅದು ಮುಳುಗಿಹೋಗುತ್ತದೆ. ಅವರ ಊಟ ಕಡೆಯ ಪಂಕ್ತಿಯಲ್ಲಿ. ಸಂಭಾವನೆಯ ವಿಷಯದಲ್ಲಿ ಚೌಕಾಸಿ. ಅದೇ ಚಪ್ಪರದಲ್ಲಿ ಕುಳಿತು, ಯಾವ ದೊಡ್ಡ ವಿದ್ವಾಂಸರಿಗೆ ಮನ್ನಣೆ ಸಾಲದಾಯಿತೆಂದು ನಾವು ಮರುಗುತ್ತಿರುತ್ತೇವೆ! ಮಂಗಳವಾದ್ಯವೆಂದಷ್ಟೇ ಎಣಿಸಲ್ಪಟ್ಟಿದ್ದ ಶಹನಾಯಿಯನ್ನು ಉಸ್ತಾದ್ ಬಿಸ್ಮಿಲ್ಲಾ ಖಾನರು ಸಭೆಯ ನಡುವೆ ತಂದು ಕೂರಿಸಿದರು, 2001ರಲ್ಲಿ ಭಾರತರತ್ನರಾದರು. ಜನರು ನಿಂತು ಕೇಳಿದುದರಿಂದಲ್ಲವೇ ಆ ವಾದ್ಯಕ್ಕೆ ಗೌರವವು ಬಂದುದು?

ವಾಚಕ ಮಹಾಶಯರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೆ. ಯಾರ ಹೆಸರು ಅತಿಯೆಂದು ಹೇಳಬೇಕೆನಿಸಿತೋ ಅವರ ಹಾಡಿಕೆಯನ್ನು ಮೊದಲು ಅರ್ಧಗಂಟೆಯಾದರೂ ಬೇರೆ ಕೆಲಸವಿಲ್ಲದೆ ಕುಳಿತು ಕೇಳಿರಿ. ಹೋಲಿಸುವಾಗ ಒಂದೇ ಬಗೆಯ ಕೆಲಸ ಮಾಡಿದವರನ್ನು ಹೋಲಿಸಿರಿ. ಯಾರಿಗೆ ಮನ್ನಣೆ ಸಾಲದೆಂದು ತೋರಿತೋ ಅವರ ಪರವಾಗಿ ವಾದಿಸುವುದರ ಜೊತೆಗೆ, ಅವರ ಒಂದು ರಾಗವನ್ನು ಮಕ್ಕಳಿಗೆ ಕೇಳಿಸಿರಿ. ಕಚೇರಿಯಿಂದ ಮನೆಗೆ ಬಂದು ವರದಿ ಹೇಳುವಾಗ ಪಿಟೀಲಿನವರ, ಮೃದಂಗದವರ ಹೆಸರನ್ನೂ ಸೇರಿಸಿ ಹೇಳಿರಿ. ಮುಂದಿನ ಲಗ್ನದ ದಿನಗಳಲ್ಲಿ ಓಲಗದವರನ್ನು ಗೊತ್ತುಮಾಡುವಾಗ ಚೌಕಾಸಿಯನ್ನು ಬಿಟ್ಟು, ಹೆಸರು ಕೇಳಿ ಬರೆದುಕೊಂಡು, ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿರಿ. ಧಾರೆಗೆ ಮುಂಚೆ ಕಾಲುಗಂಟೆಯಾದರೂ ನೆಂಟರನ್ನು ಸುಮ್ಮನೆ ಕೂರಿಸಿ, ಅವರು ನುಡಿಸುವ ರಾಗವನ್ನು ಕೇಳಿಸಿರಿ.